ಪೇಪರ್ ಒಂದೇ, ಪರೀಕ್ಷೆಯೂ ಒಂದೇ ಏನು?

ಫಲಿತಾಂಶ ಬಂದ ದಿನ ನಮ್ಮಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ‘ಎಲ್ಲರೂ ಬರೆದದ್ದು ಒಂದೇ ಪೇಪರ್, ಇನ್ನೇನು ತಕರಾರು?’ ಎಂಬುದು ಒಂದು. ‘ಈ ಪರೀಕ್ಷೆಗಳಿರುವುದೇ ಬಡಮಕ್ಕಳನ್ನು ಹೊರಗಿಡುವುದಕ್ಕೆ, ಕಿತ್ತುಹಾಕಿ’ ಎಂಬುದು ಇನ್ನೊಂದು. ಮಗುವಿನ ಮುಂದಿರುವ ಪ್ರಶ್ನೆಯನ್ನು ಬಿಡಿಸಿ ನೋಡುವ ವ್ಯವಧಾನ ಎರಡಕ್ಕೂ ಇಲ್ಲ. ಆ ಪ್ರಶ್ನೆ ತಾನು ಅಳೆಯಬೇಕಾದ ಕಲಿಕೆಯನ್ನೇ ಅಳೆಯಿತೇ, ಇಲ್ಲ ಮಗುವಿನ ಮನೆ, ಮಾತು, ಊರನ್ನು ಅಳೆಯಿತೇ? ನ್ಯಾಯ ಅನ್ಯಾಯ ತೀರ್ಮಾನವಾಗುವುದು ಅಲ್ಲಿ.

ತಪ್ಪು ಕಲ್ಪನೆ: ಪ್ರಶ್ನೆಪತ್ರಿಕೆ ಒಂದೇ ಆದರೆ ಪಕ್ಷಪಾತಕ್ಕೆ ಜಾಗವಿಲ್ಲ.

ವಾಸ್ತವ: ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆ ಇಂಗ್ಲಿಷ್ ಓದಲು ಬಾರದ ಸೈನಿಕರಿಗೆಂದು ‘ಬೀಟಾ’ ಎಂಬ ಚಿತ್ರಪರೀಕ್ಷೆ ನಡೆಸಿತು. ಚಿತ್ರದಲ್ಲಿ ಬಿಟ್ಟುಹೋಗಿರುವುದನ್ನು ತುಂಬಿಸಬೇಕು. ಒಂದರಲ್ಲಿ ನೆಟ್ ಇಲ್ಲದ ಟೆನಿಸ್ ಅಂಗಳ, ಇನ್ನೊಂದರಲ್ಲಿ ಕಹಳೆಯಿಲ್ಲದ ಗ್ರಾಮೊಫೋನ್. ಇಟಲಿಯ ಹಳ್ಳಿಯಿಂದ ಹಡಗು ಹತ್ತಿ ಬಂದ ರೈತನ ಮಗ ಟೆನಿಸ್ ಅಂಗಳವನ್ನು ಎಲ್ಲಿ ನೋಡಿರಬೇಕು? ಪ್ರಿನ್ಸ್‌ಟನ್‌ನ ಕಾರ್ಲ್ ಬ್ರಿಗಮ್ ಸೇನೆಯ ಈ ಅಂಕಗಳನ್ನೇ ಹಿಡಿದು, ದಕ್ಷಿಣ ಮತ್ತು ಪೂರ್ವ ಯುರೋಪಿನಿಂದ ಬಂದವರೂ ಕಪ್ಪು ಜನರೂ ಹುಟ್ಟಿನಿಂದಲೇ ಬುದ್ಧಿಯಲ್ಲಿ ಕಡಿಮೆ ಎಂದು 1923ರಲ್ಲಿ ಪುಸ್ತಕ ಬರೆದರು. 1926ರಲ್ಲಿ ಮೊದಲ ಬಾರಿಗೆ ನಡೆದ, ಕಾಲೇಜು ಪ್ರವೇಶದ ಎಸ್‌ಎಟಿ ಪರೀಕ್ಷೆಯನ್ನು ರೂಪಿಸಿದವರೂ ಅವರೇ. ತಮ್ಮ ಹಳೆಯ ತೀರ್ಮಾನಕ್ಕೆ ಬುಡವಿಲ್ಲ ಎಂದು 1930ರಲ್ಲಿ ಅವರೇ ಒಪ್ಪಿ ಬರೆದರು. ಅಷ್ಟರಲ್ಲಿ 1924ರ ವಲಸೆ ಕಾಯ್ದೆ ಆ ನಾಡುಗಳ ಜನರಿಗೆ ಬಾಗಿಲನ್ನು ಬಹುಮಟ್ಟಿಗೆ ಮುಚ್ಚಿಯಾಗಿತ್ತು.

ಕ್ಯಾಲಿಫೋರ್ನಿಯಾದಲ್ಲಿ ಸ್ಪ್ಯಾನಿಷ್ ಮನೆಮಾತಿನ ಒಂಬತ್ತು ಮಕ್ಕಳನ್ನು ಇಂಗ್ಲಿಷ್‌ನಲ್ಲಿ ಪರೀಕ್ಷಿಸಿ, ಬುದ್ಧಿಮಾಂದ್ಯರಿಗೆಂದು ಇದ್ದ ತರಗತಿಗೆ ಹಾಕಿದ್ದರು. ಸ್ಪ್ಯಾನಿಷ್‌ನಲ್ಲಿ ಮತ್ತೆ ಪರೀಕ್ಷಿಸಿದಾಗ ಹೆಚ್ಚಿನವರು ಬುದ್ಧಿಮಾಂದ್ಯತೆಯ ಗೆರೆಯನ್ನು ದಾಟಿದರು. ಮಕ್ಕಳನ್ನು ಅವರ ಮನೆಮಾತಿನಲ್ಲೂ ಪರೀಕ್ಷಿಸಬೇಕು ಎಂಬ ಒಪ್ಪಂದದೊಂದಿಗೆ ಈ ಬಗ್ಗೆ ಹೂಡಿದ್ದ ಮೊಕದ್ದಮೆ 1970ರಲ್ಲಿ ಮುಗಿಯಿತು. ಮಕ್ಕಳು ಅವರೇ, ಬದಲಾದದ್ದು ಭಾಷೆ.

ತಪ್ಪು ಕಲ್ಪನೆ: ಹಾಗಾದರೆ ಅನುವಾದ ಮಾಡಿಕೊಟ್ಟರೆ ಮುಗಿಯಿತು.

ವಾಸ್ತವ: ಅನುವಾದ ಬೇಕೇ ಬೇಕು. ಆದರೆ ಕೊನೆಯ ಗಳಿಗೆಯಲ್ಲಿ ಮುಗಿಸುವ ಕೆಲಸ ಅದಲ್ಲ. 2018ರ ನೀಟ್‌ನ ತಮಿಳು ಪತ್ರಿಕೆಯಲ್ಲಿ 49 ಪ್ರಶ್ನೆಗಳ ಅನುವಾದ ತಪ್ಪಾಗಿದೆ ಎಂಬ ದೂರು ಕೋರ್ಟಿಗೆ ಹೋಯಿತು. ಪ್ರಶ್ನೆಗೆ 4ರಂತೆ 196 ಅಂಕ ಕೊಡಿ ಎಂದು ಮದ್ರಾಸ್ ಹೈಕೋರ್ಟಿನ ಮದುರೈ ಪೀಠ ಹೇಳಿತು. ಅದೇ ವರ್ಷ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಮಾಡಿತು. ಎಲ್ಲರಿಗೂ ಸಾರಾಸಗಟಾಗಿ ಅಂಕ ಹಂಚುವುದು ನ್ಯಾಯವಲ್ಲ, ಒಪ್ಪುತ್ತೇನೆ. ಆದರೆ ಅನುವಾದದಲ್ಲಿ ಗೊಂದಲವಿದ್ದರೆ ಇಂಗ್ಲಿಷ್ ಪ್ರಶ್ನೆಯೇ ಅಂತಿಮ ಎಂಬ ನೀಟ್ ನಿಯಮವನ್ನು ನೋಡಿ. ಇಂಗ್ಲಿಷ್ ಕಷ್ಟವೆಂದೇ ಕನ್ನಡ ಪತ್ರಿಕೆ ಆರಿಸಿಕೊಂಡ ಹುಡುಗಿ, ಅನುಮಾನ ಬಂದಾಗಲೆಲ್ಲ ಇಂಗ್ಲಿಷನ್ನೇ ಓದಿ ತೀರ್ಮಾನಿಸಬೇಕು. ಗಡಿಯಾರ ಅವಳಿಗಾಗಿ ನಿಲ್ಲುವುದಿಲ್ಲ, ತಪ್ಪು ಉತ್ತರಕ್ಕೆ ಅಂಕವೂ ಕಳೆಯುತ್ತದೆ.

ನಮ್ಮ ರಾಜ್ಯದಲ್ಲೇ ಇದಕ್ಕಿಂತ ನೋವಿನ ಉದಾಹರಣೆ ಇದೆ. ಅದು ಶಾಲೆಯದಲ್ಲ, ನೇಮಕಾತಿ ಪರೀಕ್ಷೆಯದು. 2024ರ ಆಗಸ್ಟ್ 27ರಂದು ಕೆಪಿಎಸ್‌ಸಿ ನಡೆಸಿದ ಗೆಜೆಟೆಡ್ ಪ್ರೊಬೇಷನರ್ಸ್ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡ ಅನುವಾದ ಕೆಟ್ಟಿತ್ತು. ಸರ್ಕಾರ ಮರುಪರೀಕ್ಷೆಗೆ ಹೇಳಿತು. ಡಿಸೆಂಬರ್ 29ರ ಮರುಪರೀಕ್ಷೆಯಲ್ಲೂ ಅದೇ ದೂರು ಬಂದು ಅಭ್ಯರ್ಥಿಗಳು ಬೀದಿಗಿಳಿದರು. ಕನ್ನಡನಾಡಿನ ಆಡಳಿತಕ್ಕೆ ಅಧಿಕಾರಿಗಳನ್ನು ಆರಿಸುವ ಪರೀಕ್ಷೆಯಲ್ಲಿ ಕನ್ನಡದಲ್ಲಿ ಓದಿದವರೇ ಪೆಟ್ಟು ತಿಂದದ್ದು ನನಗೆ ಸಹಿಸಲಾಗದ ಸಂಗತಿ.

ಅನುವಾದ ಚೆನ್ನಾಗಿದ್ದರೂ ಇನ್ನೊಂದು ಮಾತು ಉಳಿಯುತ್ತದೆ, ಅದನ್ನು ಕನ್ನಡಿಗರಾದ ನಾವು ಅಷ್ಟಾಗಿ ಆಡುವುದಿಲ್ಲ. ಲಂಬಾಣಿ ತಾಂಡಾದ ಮಗುವಿಗೆ, ತುಳು, ಬ್ಯಾರಿ, ಉರ್ದು ಮನೆಯ ಮಗುವಿಗೆ ಕನ್ನಡ ಶಾಲೆಯ ಭಾಷೆ. ಕನ್ನಡದ ಮನೆಗಳಲ್ಲೂ ಪಠ್ಯದ ಕನ್ನಡ ಎಲ್ಲರದಲ್ಲ. ಲೆಕ್ಕದಲ್ಲಿ ‘ಕಡಲೆಕಾಯಿ’ ಎಂದು ಬಂದರೆ ‘ಶೇಂಗಾ’ ಎನ್ನುವ ವಿಜಯಪುರದ ಮಗು ಅರೆಗಳಿಗೆ ತಡೆಯುತ್ತದೆ. ಹಲವು ದೇಶಗಳ ಮಕ್ಕಳ ಕಲಿಕೆಯನ್ನು ಅಳೆಯುವ ಪಿಸಾ ಪರೀಕ್ಷೆಗೆ ಇಬ್ಬರು ಪ್ರತ್ಯೇಕವಾಗಿ ಅನುವಾದ ಮಾಡಿ, ಮೂರನೆಯವರು ಎರಡನ್ನೂ ಹೋಲಿಸಿ ಒಂದುಮಾಡುವ ಪದ್ಧತಿ ಇದೆ. ನಮ್ಮ ಮಂಡಳಿಗಳು ಅಷ್ಟನ್ನಾದರೂ ಮಾಡಬೇಕು. ಜೊತೆಗೆ ಆಯಾ ಸೀಮೆಯ ಮೇಷ್ಟ್ರುಗಳಿಗೆ ಪ್ರಶ್ನೆಗಳನ್ನು ಮೊದಲೇ ತೋರಿಸಬೇಕು.

ತಪ್ಪು ಕಲ್ಪನೆ: ಗಣಿತಕ್ಕೆ ಭಾಷೆಯ ಹಂಗಿಲ್ಲ.

ವಾಸ್ತವ: ಜಮಾಲ್ ಅಬೆದಿ ಮತ್ತು ಕ್ಯಾರಲ್ ಲಾರ್ಡ್ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ ಎಂಟನೇ ತರಗತಿಯ ಲೆಕ್ಕಗಳ ಅಂಕಿ ಮುಟ್ಟದೆ ವಾಕ್ಯಗಳನ್ನು ಮಾತ್ರ ಸರಳ ಮಾಡಿದರು. ಒಟ್ಟಾರೆ ಅಂಕ ಏರಿದ್ದು ಸ್ವಲ್ಪವೇ. ಆದರೆ ಹೆಚ್ಚು ಲಾಭವಾದದ್ದು ಇಂಗ್ಲಿಷ್ ಇನ್ನೂ ಕಲಿಯುತ್ತಿದ್ದ ಮಕ್ಕಳಂಥವರಿಗೆ.

ಬ್ರೆಜಿಲ್‌ನ ರೆಸಿಫೆಯಲ್ಲಿ ಬೀದಿ ವ್ಯಾಪಾರ ಮಾಡುವ ಐದು ಮಕ್ಕಳ ಮೇಲೆ ನಡೆದು 1985ರಲ್ಲಿ ಪ್ರಕಟವಾದ ಅಧ್ಯಯನ ಇನ್ನೂ ಆಳಕ್ಕಿಳಿಯುತ್ತದೆ. ವ್ಯಾಪಾರದ ನಡುವೆ ಅವರ ಲೆಕ್ಕ ಶೇ 98ರಷ್ಟು ಸರಿ. ಅದೇ ಬಗೆಯ ಲೆಕ್ಕವನ್ನು ಬರೀ ಅಂಕಿಗಳಲ್ಲಿ ಕೊಟ್ಟಾಗ ಶೇ 37. ಕೋಲ್ಕತ್ತ ಮತ್ತು ದಿಲ್ಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳಲ್ಲೂ ಇದೇ ಕಂಡಿತೆಂದು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು 2025ರಲ್ಲಿ ಬರೆದರು. ಬರೀ ಶಾಲೆಗೆ ಹೋಗುವ ಮಕ್ಕಳು ಪುಸ್ತಕದ ಲೆಕ್ಕ ಮಾಡಿ ಮಾರುಕಟ್ಟೆಯ ಲೆಕ್ಕದಲ್ಲಿ ಸೋತದ್ದನ್ನೂ ಅವರು ಕಂಡರು. ಇವನಿಗೆ ಲೆಕ್ಕ ಬರುವುದಿಲ್ಲ ಎಂದು ಬರೆಯುವ ಮೊದಲು ಯಾವ ಲೆಕ್ಕ ಕೇಳಿದೆವು ಎಂದು ನೋಡಿಕೊಳ್ಳಬೇಕು.

ತಪ್ಪು ಕಲ್ಪನೆ: ಎರಡು ಗುಂಪಿನ ಸರಾಸರಿಯಲ್ಲಿ ಅಂತರವಿದ್ದರೆ ಪರೀಕ್ಷೆಯೇ ಪಕ್ಷಪಾತಿ.

ವಾಸ್ತವ: ಇದನ್ನು ನಂಬುವವರ ಕಾಳಜಿ ದೊಡ್ಡದು, ತರ್ಕ ಮಾತ್ರ ಅವಸರದ್ದು. ವಿಜ್ಞಾನದ ಮೇಷ್ಟ್ರೇ ಇಲ್ಲದ ಶಾಲೆಯ ಮಕ್ಕಳು ವಿಜ್ಞಾನದಲ್ಲಿ ಕಡಿಮೆ ತೆಗೆದರೆ ಆ ಅಂಕ ನಿಜವನ್ನೇ ಹೇಳುತ್ತಿದೆ, ಅನ್ಯಾಯ ನಡೆದದ್ದು ಪರೀಕ್ಷೆಗೂ ಮೊದಲು. ಪ್ರಶ್ನೆಯ ಪಕ್ಷಪಾತ ಹಿಡಿಯಲು ಬೇರೆ ದಾರಿ ಇದೆ. ಒಟ್ಟು ಅಂಕ ಸಮನಾಗಿರುವ ಕನ್ನಡ ಮಾಧ್ಯಮದ ಮತ್ತು ಇಂಗ್ಲಿಷ್ ಮಾಧ್ಯಮದ ಮಕ್ಕಳನ್ನು ಜೊತೆಗಿಟ್ಟು, ಒಂದೊಂದೇ ಪ್ರಶ್ನೆಯಲ್ಲಿ ಹೋಲಿಸುವುದು. ಉಳಿದದ್ದರಲ್ಲೆಲ್ಲ ಸಮನಾಗಿರುವವರಲ್ಲಿ ಒಂದು ಕಡೆಯವರು ಮಾತ್ರ ಆ ಒಂದು ಪ್ರಶ್ನೆಯಲ್ಲಿ ಎಡವಿದರೆ ಅದನ್ನು ಅನುಮಾನಿಸಿ, ತಿಳಿದವರು ಕೂತು ಓದಬೇಕು. ಪರೀಕ್ಷೆಗಳನ್ನು ರೂಪಿಸುವ ಅಮೆರಿಕದ ಇಟಿಎಸ್ ಸಂಸ್ಥೆ 1980ರ ದಶಕದ ಕೊನೆಯಿಂದ ಇದನ್ನು ರೂಢಿಯಾಗಿ ಮಾಡುತ್ತಿದೆ. ಒಂದು ಎಚ್ಚರಿಕೆ: ಇಡೀ ಪತ್ರಿಕೆಯೇ ಒಂದು ಕಡೆ ವಾಲಿದ್ದರೆ ಈ ಹೋಲಿಕೆಗೆ ಅದು ಕಾಣಿಸದು.

ತಮಿಳುನಾಡು ಮತ್ತು ಹಿಮಾಚಲ ಪ್ರದೇಶ ಪಿಸಾ 2009ರ ಸುತ್ತಿನಲ್ಲಿ ಭಾಗವಹಿಸಿದ 74 ದೇಶ, ಪ್ರದೇಶಗಳ ಪೈಕಿ ತೀರಾ ಕೆಳಗೆ ಉಳಿದಾಗ, ಪ್ರಶ್ನೆಗಳು ನಮ್ಮ ಸಾಮಾಜಿಕ ಪರಿಸರಕ್ಕೆ ಹೊಂದುವುದಿಲ್ಲ ಎಂದು ಹೇಳಿ ಭಾರತ ಹಿಂದೆ ಸರಿಯಿತು. ಆ ಆಕ್ಷೇಪದಲ್ಲಿ ಒಂದಿಷ್ಟು ಹುರುಳು ಇದ್ದಿರಬಹುದು. ಆದರೆ ಆಯಾ ರಾಜ್ಯದ ಭಾಷೆಯಲ್ಲೇ, ಮನೆಬಾಗಿಲಲ್ಲೇ ಕೇಳುವ ಅಸರ್ ಸಮೀಕ್ಷೆಯಲ್ಲೂ ಹಳ್ಳಿಯ ಐದನೇ ತರಗತಿಯ ಸುಮಾರು ಅರ್ಧ ಮಕ್ಕಳು ಎರಡನೇ ತರಗತಿಯ ಪಾಠ ಓದಲಾಗದೆ ಕೂತಿದ್ದರು. ಪರೀಕ್ಷೆಯನ್ನು ದೂರಿ ಆ ಮಕ್ಕಳನ್ನು ಮರೆತದ್ದು ತಪ್ಪು.

ತಪ್ಪು ಕಲ್ಪನೆ: ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು ಇವೆಲ್ಲ ರಿಯಾಯಿತಿ.

ವಾಸ್ತವ: ಅಲ್ಲ, ಹಕ್ಕು. ನಿಗದಿತ ಮಟ್ಟದ ಅಂಗವೈಕಲ್ಯವಿರುವವರಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಕೊಡಬೇಕೆಂದು ಕೇಂದ್ರದ 2018ರ ಮಾರ್ಗಸೂಚಿ ಹೇಳಿತು. ಬರವಣಿಗೆಯ ತೊಂದರೆಯಿದ್ದ ವಿದ್ಯಾರ್ಥಿನಿಯೊಬ್ಬಳಿಗೆ ನೀಟ್‌ನಲ್ಲಿ ಈ ಸಮಯ ಕೊಡದೆ ಉತ್ತರಪತ್ರಿಕೆ ಕಿತ್ತುಕೊಂಡದ್ದು ತಪ್ಪೆಂದು 2021ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು.

ತಪ್ಪು ಕಲ್ಪನೆ: ಪರೀಕ್ಷೆ ತೆಗೆದರೆ ಪಕ್ಷಪಾತವೂ ಹೋಗುತ್ತದೆ.

ವಾಸ್ತವ: ಪರೀಕ್ಷೆ ಹೋದ ಜಾಗಕ್ಕೆ ಶಿಫಾರಸು, ಸಂದರ್ಶನ, ಪರಿಚಯ ಬರುತ್ತವೆ. ಎಸ್‌ಎಟಿ ಅಂಕ ಐಚ್ಛಿಕ ಮಾಡಿದ್ದ ಡಾರ್ಟ್‌ಮತ್ ಕಾಲೇಜು 2024ರಲ್ಲಿ ಮತ್ತೆ ಅದನ್ನು ಕಡ್ಡಾಯ ಮಾಡಿತು. ತಮ್ಮ ಅಂಕ ಸಾಲದೆಂದು ಭಾವಿಸಿ ಬಡಮನೆಯ ವಿದ್ಯಾರ್ಥಿಗಳು ಅದನ್ನು ಮುಚ್ಚಿಟ್ಟಿದ್ದರು, ತೋರಿಸಿದ್ದರೆ ಅವರಿಗೇ ಅನುಕೂಲವಾಗುತ್ತಿತ್ತು ಎಂದು ಅಲ್ಲಿನ ಅಧ್ಯಯನ ಕಂಡುಕೊಂಡಿತ್ತು.

ಫ್ಲಾರಿಡಾದ ಬ್ರೊವರ್ಡ್ ಕೌಂಟಿಯಲ್ಲಿ ಪ್ರತಿಭಾವಂತರ ತರಗತಿಗೆ ಮೊದಲು ಮೇಷ್ಟ್ರೋ ಅಪ್ಪ ಅಮ್ಮನೋ ಹೆಸರು ಸೂಚಿಸಬೇಕಿತ್ತು. 2005ರಿಂದ ಎರಡನೇ ತರಗತಿಯ ಎಲ್ಲ ಮಕ್ಕಳಿಗೂ ಮಾತಿನ ಹಂಗಿಲ್ಲದ ಒಂದು ಪರೀಕ್ಷೆ ಕೊಡತೊಡಗಿದರು. ಅರ್ಹತೆಯ ಗೆರೆ ಇಳಿಸದೆಯೇ ಕಪ್ಪು ಮತ್ತು ಹಿಸ್ಪಾನಿಕ್ ಮಕ್ಕಳ ಸಂಖ್ಯೆ ಗಣನೀಯವಾಗಿ ಏರಿತು. ಅಷ್ಟು ಮಕ್ಕಳು ಮೊದಲೂ ಅದೇ ಬೆಂಚುಗಳಲ್ಲಿದ್ದರು, ಯಾರೂ ಅವರ ಹೆಸರು ಹೇಳಿರಲಿಲ್ಲ. ಕೆಲವು ವರ್ಷಗಳ ಬಳಿಕ ಹಣದ ಕೊರತೆಯಿಂದ ಆ ಯೋಜನೆಯನ್ನು ಮೊಟಕುಗೊಳಿಸಿದಾಗ ಹಳೆಯ ಅಂತರ ಮತ್ತೆ ಬಂದು ಕೂತಿತು.