ಯುವಜನರ ಗುಂಪಿಗೆ ಯಾವ ಆ್ಯಪ್? ಮೊದಲು ಈ ಪ್ರಶ್ನೆ ಕೇಳೋಣ



ನಮ್ಮ ಅನೇಕ ಸಂಘಗಳು ಈಗ ಉಳಿತಾಯ, ಸಾಲದ ಜೊತೆಗೆ ಕಿಶೋರಿಯರ ಗುಂಪು, ಮಕ್ಕಳ ಸಂಘ, ಯುವಕ ಯುವತಿಯರ ತರಬೇತಿಯನ್ನೂ ನಡೆಸುತ್ತಿವೆ. 2020ರಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿದಾಗ ಪಾಠಕ್ಕೆಂದು ಮಕ್ಕಳ ಕೈಗೆ ಫೋನು ಬಂತು. ಶಾಲೆ ತೆರೆದ ಮೇಲೂ ಅದು ಕೈಯಲ್ಲೇ ಉಳಿಯಿತು. ಹಾಗಾಗಿ ಯಾವ ಕೆಲಸಕ್ಕಾದರೂ "ಒಂದು ಗ್ರೂಪ್ ಮಾಡಿಬಿಡೋಣ" ಅಂತ ಯಾರಾದರೂ ಹೇಳ್ತಾರೆ, ಐದು ನಿಮಿಷದಲ್ಲಿ ಗ್ರೂಪ್ ಆಗಿಯೂ ಬಿಡುತ್ತದೆ. ಸಂತೆಯಲ್ಲಿ ಒಂದು ಮಡಕೆ ಕೊಳ್ಳುವಾಗಲೂ ತಟ್ಟಿ ನೋಡುವವರು ನಾವು. ನಮ್ಮ ಮಕ್ಕಳನ್ನು ಕೂರಿಸುವ ಜಾಗವನ್ನೂ ಹಾಗೆಯೇ ತಟ್ಟಿ ನೋಡಬೇಕಲ್ಲವೇ?

ಮೊದಲು ಕೆಲಸ, ಆಮೇಲೆ ಆ್ಯಪ್

ನಮಗೆ ಆಗಬೇಕಾದ ಕೆಲಸ ಏನು ಅಂತ ಒಂದು ಸಾಲಿನಲ್ಲಿ ಬರೆದುಕೊಳ್ಳಿ. ಸಭೆಯ ದಿನ ತಿಳಿಸುವುದೇ? ಪಾಠ ಕಲಿಸುವುದೇ? ಅಭಿಪ್ರಾಯ ಕೇಳುವುದೇ? ಒಂದೊಂದು ಕೆಲಸಕ್ಕೂ ಸಾಧನ ಬೇರೆ.

* ಸುದ್ದಿ ತಿಳಿಸುವುದಷ್ಟೇ ಆದರೆ ವಾಟ್ಸಾಪ್ ಬ್ರಾಡ್‌ಕಾಸ್ಟ್ ಪಟ್ಟಿ ಸಾಕು. ಸಂದೇಶ ಎಲ್ಲರಿಗೂ ಹೋಗುತ್ತದೆ, ಆದರೆ ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ. ಉತ್ತರವೂ ಕಳಿಸಿದವರಿಗೆ ಮಾತ್ರ ಬರುತ್ತದೆ. ಒಂದು ವಿಷಯ ನೆನಪಿಡಿ: ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ.
* ಮುಖ ನೋಡಿ ಮಾತಾಡಬೇಕಾದರೆ ಗೂಗಲ್ ಮೀಟ್, ಜೂಮ್ ಇವೆ. ಹಣ ಕೊಡದೇ ಬಳಸಿದರೆ ಗುಂಪಿನ ಸಭೆಗೆ ಮೀಟ್‌ನಲ್ಲಿ 60 ನಿಮಿಷ, ಜೂಮ್‌ನಲ್ಲಿ 40 ನಿಮಿಷದ ಮಿತಿ ಇದೆ. ನಾಲ್ಕೈದು ಮಂದಿ ಆದರೆ ಸಾದಾ ಕಾನ್ಫರೆನ್ಸ್ ಕರೆಯೇ ಒಳ್ಳೆಯದು, ಅದಕ್ಕೆ ಇಂಟರ್‌ನೆಟ್ ಬೇಡ.
* ಶಾಲಾ ಪಾಠಕ್ಕೆ ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ದೀಕ್ಷಾ ಇದೆ. ಪಠ್ಯಪುಸ್ತಕದಲ್ಲಿರುವ ಚೌಕಾಕಾರದ ಕ್ಯೂಆರ್ ಗುರುತನ್ನು ಫೋನಿಗೆ ತೋರಿಸಿದರೆ ಆ ಪಾಠದ ವಿಷಯ ತೆರೆಯುತ್ತದೆ. ಒಮ್ಮೆ ಇಳಿಸಿಕೊಂಡರೆ ಆಮೇಲೆ ನೆಟ್ ಇಲ್ಲದೆಯೂ ನೋಡಬಹುದು.
* ಹೆಸರು ಹೇಳಲು ನಾಚುವ ವಿಷಯದಲ್ಲಿ ಅಭಿಪ್ರಾಯ ಕೇಳಬೇಕೇ? ಗೂಗಲ್ ಫಾರ್ಮ್‌ನಲ್ಲಿ ಹೆಸರು, ಇಮೇಲ್ ಕೇಳದೆ ಪ್ರಶ್ನೆ ಹಾಕಬಹುದು. ಬೀಗ ಹಾಕಿದ ಒಂದು ಡಬ್ಬಿ, ಒಂದಿಷ್ಟು ಚೀಟಿಗಳಿಂದಲೂ ಇದೇ ಕೆಲಸ ಆಗುತ್ತದೆ.

ಫೋನು ಯಾರ ಕೈಯಲ್ಲಿದೆ?

ಗುಂಪಿನಲ್ಲಿ ಇಪ್ಪತ್ತು ಮಂದಿ ಇದ್ದರೆ ಎಲ್ಲರ ಹತ್ತಿರವೂ ಸ್ವಂತ ಫೋನು ಇರುವುದಿಲ್ಲ. ಹುಡುಗನಿಗೆ ಫೋನು ಕೊಡಿಸಿ ಹುಡುಗಿಗೆ ಅಣ್ಣನ ಅಥವಾ ಅಪ್ಪನ ಫೋನನ್ನೇ ನೋಡಿಕೋ ಅನ್ನುವ ಮನೆಗಳು ಬೇಕಾದಷ್ಟಿವೆ. ಅಂಥ ಹುಡುಗಿಗೆ ಮುಟ್ಟಿನ ಬಗ್ಗೆಯೋ, ಮನೆಯ ಜಗಳದ ಬಗ್ಗೆಯೋ ಸಂದೇಶ ಕಳಿಸಿದರೆ ಮೊದಲು ಓದುವವರು ಬೇರೆಯವರು. ಖಾಸಗಿ ವಿಷಯಕ್ಕೆ ಎದುರು ಬದುರು ಕೂತು ಮಾತಾಡುವುದೇ ಸರಿ.

ಫೋನು ಇಲ್ಲದವರನ್ನು ಬಿಟ್ಟು ಮುಂದೆ ಹೋಗಬಾರದು. ನಿಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ, ಅಂದರೆ ಅರಿವು ಕೇಂದ್ರಕ್ಕೆ, ಒಮ್ಮೆ ಹೋಗಿ ವಿಚಾರಿಸಿ. ಹಲವು ಕಡೆ ಅಲ್ಲಿ ಕಂಪ್ಯೂಟರ್, ಟಿ.ವಿ. ಇವೆ. ವಾರಕ್ಕೊಂದು ದಿನ ಗುಂಪು ಅಲ್ಲಿ ಸೇರಿದರೆ ಫೋನು ಇದ್ದವರು, ಇಲ್ಲದವರು ಅನ್ನುವ ಭೇದ ಇರುವುದಿಲ್ಲ.

ನಂಬರ್, ವಯಸ್ಸು, ಒಪ್ಪಿಗೆ

ವಾಟ್ಸಾಪ್ ಗ್ರೂಪಿಗೆ ಸೇರಿದ ಪ್ರತಿಯೊಬ್ಬರ ನಂಬರ್ ಉಳಿದ ಎಲ್ಲ ಸದಸ್ಯರಿಗೂ ಕಾಣುತ್ತದೆ. ಹದಿನೈದು ವರ್ಷದ ಹುಡುಗಿಯ ನಂಬರ್ ಪರಿಚಯವಿಲ್ಲದವರ ಕೈಗೆ ಹೋಗಲು ಇಷ್ಟೇ ಸಾಕು. ಗ್ರೂಪ್ ಮಾಡಲೇಬೇಕು ಅಂದರೆ ಹೀಗೆ ಮಾಡಿ:

1. ಹುಡುಗಿಯರ ಗುಂಪು ಬೇರೆ, ಸಾರ್ವಜನಿಕ ಪ್ರಕಟಣೆಯ ಗುಂಪು ಬೇರೆ ಇರಲಿ. ಸೇರುವ ಲಿಂಕನ್ನು ಬೇರೆಡೆ ಹಂಚಬೇಡಿ.
2. ಸಂಘದ ಇಬ್ಬರು ಹಿರಿಯ ಸದಸ್ಯೆಯರು ಅಡ್ಮಿನ್ ಆಗಿರಲಿ. ಯಾವ ದೊಡ್ಡವರೂ ಮಕ್ಕಳ ಜೊತೆ ಒಬ್ಬೊಬ್ಬರಾಗಿ ರಾತ್ರಿ ಹೊತ್ತು ಚಾಟ್ ಮಾಡಬಾರದು ಅಂತ ನಿಯಮ ಮಾಡಿ. ತರಬೇತುದಾರರು, ಶಿಕ್ಷಕರು, ನಮ್ಮಂಥ ಕಾರ್ಯಕರ್ತರು ಎಲ್ಲರಿಗೂ ಇದೇ ನಿಯಮ.
3. ಸೆಟ್ಟಿಂಗ್ಸ್‌ನ ಪ್ರೈವೆಸಿಯಲ್ಲಿ ಪ್ರೊಫೈಲ್ ಫೋಟೋ ಮತ್ತು ಗ್ರೂಪ್ಸ್ ಎರಡನ್ನೂ "ನನ್ನ ಸಂಪರ್ಕಗಳು" ಅಂತ ಬದಲಿಸುವುದನ್ನು ಮಕ್ಕಳಿಗೆ ಕೈಹಿಡಿದು ಕಲಿಸಿ.

ವಾಟ್ಸಾಪ್, ಇನ್‌ಸ್ಟಾಗ್ರಾಂ ಎರಡರ ನಿಯಮದಲ್ಲೂ ಕನಿಷ್ಠ ವಯಸ್ಸು 13. ಅದಕ್ಕಿಂತ ಚಿಕ್ಕವರಿದ್ದರೆ ತಾಯಿಯ ಫೋನಿಗೇ ಸಂದೇಶ ಕಳಿಸಿ. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆ 18 ವರ್ಷ ತುಂಬದ ಎಲ್ಲರನ್ನೂ ಮಕ್ಕಳೆಂದೇ ಪರಿಗಣಿಸುತ್ತದೆ. ಅವರ ಮಾಹಿತಿ ಪಡೆಯಲು ತಂದೆ ತಾಯಿಯ ಒಪ್ಪಿಗೆ ಬೇಕು ಅನ್ನುತ್ತದೆ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಹಂತ ಹಂತವಾಗಿ ಜಾರಿಗೆ ಬರುವಂತೆ ಮಾಡಲಾಗಿದೆ. ಕಾನೂನಿಗೆ ಕಾಯದೆ ನಾವು ಈಗಲೇ ಒಪ್ಪಿಗೆ ಪತ್ರಕ್ಕೆ ತಂದೆ ಅಥವಾ ತಾಯಿಯ ಸಹಿ ಪಡೆಯೋಣ. ಮಗುವನ್ನೂ ಕೇಳೋಣ.

ಫೋಟೋ ವಿಷಯದಲ್ಲೂ ಅಷ್ಟೇ. ಕಾರ್ಯಕ್ರಮ ಚೆನ್ನಾಗಿ ಆಯಿತು ಅಂತ ಮಕ್ಕಳ ಮುಖ, ಶಾಲೆಯ ಹೆಸರು, ಊರಿನ ಹೆಸರು ಎಲ್ಲವನ್ನೂ ಸೇರಿಸಿ ಸ್ಟೇಟಸ್‌ಗೆ ಹಾಕಬೇಡಿ. ಹಿಂದಿನಿಂದ ತೆಗೆದ ಚಿತ್ರ, ಅವರು ಬಿಡಿಸಿದ ಚಾರ್ಟ್ ಇವು ಸಾಕು. ಕಷ್ಟಕ್ಕೆ ಸಿಕ್ಕಿದ ಮಗುವಿನ ಗುರುತನ್ನು ಯಾವ ಕಾರಣಕ್ಕೂ ಹೊರಗೆ ಹಾಕಬಾರದು.

ನಾಳೆಯೂ ಇರುತ್ತದೆಯೇ?

ನಮ್ಮ ಹುಡುಗ ಹುಡುಗಿಯರು ಟಿಕ್‌ಟಾಕ್‌ನಲ್ಲಿ ಹಾಕಿದ್ದ ಎಷ್ಟೋ ವಿಡಿಯೋಗಳು 2020ರ ಜೂನ್‌ನಲ್ಲಿ ಸರ್ಕಾರ ಆ ಆ್ಯಪನ್ನು ನಿಷೇಧಿಸಿದಾಗ ಕೈಗೆ ಸಿಗದಂತಾದವು. ಆ್ಯಪ್ ನಮ್ಮದಲ್ಲ, ಅದು ಕಂಪನಿಯದು. ಸದಸ್ಯರ ಪಟ್ಟಿ, ಹಾಜರಿ, ತೀರ್ಮಾನ ಇವು ಸಂಘದ ಪುಸ್ತಕದಲ್ಲಿಯೂ ಇರಲಿ.

ಏನಾದರೂ ಆದರೆ?

ಒಬ್ಬ ಹುಡುಗಿಗೆ ಯಾರೋ ಕೆಟ್ಟ ಸಂದೇಶ ಕಳಿಸಿದರು, ಅಥವಾ ಅವಳ ಚಿತ್ರ ಹಿಡಿದು ಬೆದರಿಸಿದರು ಅಂತಿಟ್ಟುಕೊಳ್ಳಿ. ಮನೆಯಲ್ಲಿ ಏನಾಗುತ್ತದೆ? ಫೋನು ಕಿತ್ತುಕೊಳ್ಳುತ್ತಾರೆ, ಕಾಲೇಜು ಬಿಡಿಸುತ್ತಾರೆ, ಮದುವೆ ಮಾತು ಶುರುವಾಗುತ್ತದೆ. ತಪ್ಪು ಮಾಡಿದವನು ಹಾಯಾಗಿರುತ್ತಾನೆ, ಶಿಕ್ಷೆ ಹುಡುಗಿಗೆ. ಈ ಭಯದಿಂದಲೇ ಮಕ್ಕಳು ಬಾಯಿ ಬಿಡುವುದಿಲ್ಲ. "ನೀನು ಹೇಳಿದ್ದು ಒಳ್ಳೆಯದಾಯಿತು, ತಪ್ಪು ನಿನ್ನದಲ್ಲ" ಅನ್ನುವ ಮಾತು ಮೊದಲು ನಮ್ಮ ಬಾಯಿಂದ ಬರಬೇಕು.

ಆಮೇಲೆ, ಬಂದ ಸಂದೇಶಗಳನ್ನು ಅಳಿಸಬೇಡಿ. ಅಶ್ಲೀಲ ಚಿತ್ರವಿದ್ದರೆ ಸಾಕ್ಷಿಗೆಂದು ಸಂಘದವರಿಗೂ ಫಾರ್ವರ್ಡ್ ಮಾಡಬೇಡಿ, ಮಕ್ಕಳ ಅಂಥ ಚಿತ್ರವನ್ನು ಕಳಿಸುವುದೇ ಅಪರಾಧ. ಅದು ಬಂದ ಫೋನಿನಲ್ಲೇ ಇರಲಿ, ಪೊಲೀಸರಿಗೆ ತೋರಿಸಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು ಅಂತ 2012ರ ಪೋಕ್ಸೋ ಕಾಯ್ದೆ ಹೇಳುತ್ತದೆ. ಪಂಚಾಯಿತಿ ಮಾಡಿ ಮುಗಿಸುವ ವಿಷಯ ಅಲ್ಲ ಇದು.

ಈ ನಂಬರ್‌ಗಳನ್ನು ಸಂಘದ ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ:

* 1098 – ಮಕ್ಕಳ ಸಹಾಯವಾಣಿ
* 112 – ಪೊಲೀಸ್, ತುರ್ತು ಸಹಾಯ
* 1930 – ಫೋನಿನ ಮೂಲಕ ಹಣ ಮೋಸ ಹೋದರೆ
* 14416 – ಟೆಲಿ ಮಾನಸ್, ಮನಸ್ಸಿಗೆ ತಡೆಯಲಾರದ ಕಷ್ಟವಾದಾಗ

ಮುಂದಿನ ಸಭೆಗೆ ಕೆಲಸ

ಮುಂದಿನ ವಾರದ ಸಭೆಯಲ್ಲಿ ಅರ್ಧ ಗಂಟೆ ಇದಕ್ಕೆ ಇಡಿ. ಈಗ ಇರುವ ಗ್ರೂಪ್ ತೆರೆದು ನೋಡಿ: ಅದರಲ್ಲಿ ಯಾರ್ಯಾರು ಇದ್ದಾರೆ, ಎಲ್ಲರ ಪರಿಚಯ ಇದೆಯೇ, ಫೋನಿಲ್ಲದ ಯಾವ ಮಗು ಹೊರಗೆ ಉಳಿದಿದೆ? ಇಬ್ಬರು ಹದಿಹರೆಯದವರನ್ನೂ ಸಭೆಗೆ ಕರೆಯಿರಿ. ಆ್ಯಪ್ ನಡೆಸುವುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಯಾರನ್ನು ನಂಬಬೇಕು, ಎಲ್ಲಿ ನಿಲ್ಲಬೇಕು ಅನ್ನುವುದು ನಮಗೆ ಗೊತ್ತು. ಎರಡೂ ಸೇರಿದರೆ ನಿಯಮ ಗಟ್ಟಿಯಾಗುತ್ತದೆ. ಅದನ್ನು ಬರೆದು, ಎಲ್ಲರೂ ಸಹಿ ಹಾಕಿ, ಗೋಡೆಗೆ ಅಂಟಿಸಿ.