ಅಡುಗೆಯನ್ನು ಅರಿತ ಯಂತ್ರ

ಕೋಲಾರದ ಚಿನ್ನದ ಗಣಿಗಳ ಪ್ರದೇಶದಲ್ಲಿ ಭೌತವಿಜ್ಞಾನವನ್ನು ಬೋಧಿಸುವ ನಮ್ಮಂಥವರಿಗೆ ಒಂದು ದೂರು ಚಿರಪರಿಚಿತವಾದುದು. ಪ್ರಯೋಗಶಾಲೆಯಲ್ಲಿ ಮೊದಲ ಸಲ ನೀರು ಕಾಯಿಸಿದ ವಿದ್ಯಾರ್ಥಿಯು ಓಡಿಬಂದು, "ಸಾರ್, ಈ ಥರ್ಮಾಮೀಟರು ಕೆಟ್ಟಿದೆ. ನೀರು ಕೊತಕೊತನೆ ಕುದಿಯುತ್ತಿದೆ, ಪಾದರಸ ಮಾತ್ರ 97ರ ಮೇಲೆ ಏರುವುದಿಲ್ಲ" ಎನ್ನುತ್ತಾನೆ. ಥರ್ಮಾಮೀಟರು ಕೆಟ್ಟಿರುವುದಿಲ್ಲ. ಚಾಂಪಿಯನ್ ರೀಫ್ಸಿನ ನೆಲವು ಸಮುದ್ರಮಟ್ಟದಿಂದ ಸುಮಾರು 850 ಮೀಟರುಗಳಷ್ಟು ಎತ್ತರದಲ್ಲಿದೆ. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಕಡಮೆಯಾಗುತ್ತದೆ. ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ ನೀರಿನ ಕುದಿಯುವ ಬಿಂದುವೂ ಇಳಿಯುತ್ತದೆ. ಆದುದರಿಂದ ನಮ್ಮಲ್ಲಿ ನೀರು 97 ಡಿಗ್ರಿ ಸೆಂಟಿಗ್ರೇಡಿನಲ್ಲಿಯೇ ಕುದಿಯುವುದು.

ಈಗ ಅದೇ ಪಾತ್ರೆಯನ್ನು ಗಣಿಯೊಳಕ್ಕೆ ಇಳಿಸಿದೆವೆಂದು ಕಲ್ಪಿಸಿಕೊಳ್ಳೋಣ. 2001ರಲ್ಲಿ ಮುಚ್ಚಲ್ಪಟ್ಟ ಚಾಂಪಿಯನ್ ರೀಫ್ ಗಣಿಯು ಮೂರು ಕಿಲೋಮೀಟರಿಗೂ ಹೆಚ್ಚು ಆಳವಾಗಿತ್ತು. ಅಷ್ಟು ಕೆಳಗೆ ಗಾಳಿಯ ಒತ್ತಡವು ಸಮುದ್ರತೀರದಲ್ಲಿರುವುದಕ್ಕಿಂತಲೂ ಕಾಲು ಭಾಗಕ್ಕೆ ಮಿಗಿಲಾಗಿ ಹೆಚ್ಚು. ಅಲ್ಲಿ ನೀರು ಸುಮಾರು 107 ಡಿಗ್ರಿಯಲ್ಲಿ ಕುದಿಯಬೇಕು. ಎಂದರೆ, ಗಣಿಯ ತಳವು ಮುಚ್ಚಳವಿಲ್ಲದ ಒಂದು ಪ್ರೆಷರ್ ಕುಕ್ಕರು!

ಹತ್ತು ಡಿಗ್ರಿಯ ಈ ವ್ಯತ್ಯಾಸದಿಂದ ಆಗುವುದೇನು? ಅನ್ನ ಬೇಗ ಬೇಯುತ್ತದೆ ಎಂಬುದಿಷ್ಟೇ ಅಲ್ಲ. ಕ್ಲಾಸ್ಟ್ರಿಡಿಯಂ ಬೊಟುಲಿನಮ್ ಎಂಬ ಅಣುಜೀವಿಯೊಂದುಂಟು. ಗಟ್ಟಿ ಕವಚವನ್ನು ಹೊದ್ದು ನಿದ್ರಿಸುವ ಅದರ ಬೀಜಕಗಳು, ಗಾಳಿಯಿಲ್ಲದ ಡಬ್ಬಿಯಲ್ಲಿ ಎಚ್ಚೆತ್ತು ಬೆಳೆದರೆ ಪ್ರಾಣಾಂತಿಕವಾದ ವಿಷವನ್ನು ಉಂಟುಮಾಡುತ್ತವೆ. ಹುಳಿಯಿಲ್ಲದ ಆಹಾರವನ್ನು ಡಬ್ಬಿಯಲ್ಲಿಟ್ಟು ತಿಂಗಳುಗಟ್ಟಲೆ ಕಾಪಾಡಬೇಕಾದರೆ, ಅದರ ನಟ್ಟನಡುವಿನ ತುತ್ತು ಸಹ 121 ಡಿಗ್ರಿಯಲ್ಲಿ ಕನಿಷ್ಠ 3 ನಿಮಿಷವಾದರೂ ಇರಬೇಕೆಂಬುದು ಆಹಾರ ವಿಜ್ಞಾನಿಗಳ ನಿಯಮ. ಉಷ್ಣತೆ 10 ಡಿಗ್ರಿ ಇಳಿದರೆ ಬೇಕಾಗುವ ಕಾಲ ಹತ್ತುಪಟ್ಟು ಏರುತ್ತದೆ. ಲೆಕ್ಕ ಹಾಕಿ ನೋಡಿ: ಗಣಿಯ ತಳದ ತೆರೆದ ಪಾತ್ರೆಯಲ್ಲಿ ಈ ಕೆಲಸಕ್ಕೆ ಒಂದೂಕಾಲು ಗಂಟೆಗೂ ಸ್ವಲ್ಪ ಹೆಚ್ಚು ಬೇಕು, ಗಣಿಯ ಬಾಯಿಯಲ್ಲಿ ಸುಮಾರು 13 ಗಂಟೆ ಬೇಕು! ನಮ್ಮ ಕೋಲಾರ ಸೀಮೆಯ ಮಾವಿನ ತಿರುಳಿನಂಥ ಹುಳಿ ಪದಾರ್ಥಗಳಿಗೆ ಇಷ್ಟು ಶಾಖ ಬೇಡ. ಆಮ್ಲವೇ ಆ ಬೀಜಕಗಳನ್ನು ಬೆಳೆಯಗೊಡುವುದಿಲ್ಲ. ಪಲ್ಯ, ಪೊಂಗಲು, ಬೇಳೆಗಳ ಮಾತು ಬೇರೆ.

ಈ ಕಾರಣದಿಂದಲೇ ಆಹಾರದ ಕಾರ್ಖಾನೆಗಳಲ್ಲಿ 'ರಿಟಾರ್ಟ್' ಎಂಬ ಬೃಹತ್ ಒತ್ತಡ ಪಾತ್ರೆಗಳನ್ನು ಬಳಸುತ್ತಾರೆ. 1961ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯವು ನಮ್ಮ ಸೈನಿಕರಿಗಾಗಿ, ಮೆತ್ತನೆಯ ಚೀಲಗಳಲ್ಲಿ ಮೊಹರು ಮಾಡಿ ಬೇಯಿಸುವ ವಿಧಾನವನ್ನು ರೂಪಿಸಿತು. 1924ರಲ್ಲಿ ಬೆಂಗಳೂರಿನಲ್ಲಿ ಸಣ್ಣ ಉಪಾಹಾರ ಗೃಹವಾಗಿ ಆರಂಭವಾಗಿ ಬೆಳೆದ ಎಂ.ಟಿ.ಆರ್. ಸಂಸ್ಥೆಯು ಅದೇ ವಿಧಾನವನ್ನು ಪಡೆದು, ಬಿಸಿಮಾಡಿ ತಿನ್ನುವ ಆಹಾರವನ್ನು ಅಂಗಡಿಗಳಿಗೆ ತಂದಿತು. ರಿಟಾರ್ಟಿನೊಳಗೆ ಒತ್ತಡವು ವಾಯುಮಂಡಲದ ಒತ್ತಡದ ಸುಮಾರು ಎರಡರಷ್ಟು. ಚೀಲಗಳು ಉಬ್ಬಿ ಒಡೆಯದಂತೆ, ತಣಿಸುವಾಗಲೂ ಒತ್ತಡವನ್ನು ಹದವಾಗಿ ಇಳಿಸಬೇಕು.

ಇಲ್ಲಿಯೇ ಯಂತ್ರಕ್ಕೆ 'ಬುದ್ಧಿ' ಬೇಕಾಗುವುದು. ಯಂತ್ರದ ಬುದ್ಧಿ ಎಂದರೇನು? ಹಾಲು ಉಕ್ಕುವುದನ್ನು ಕಂಡು ತಾಯಿ ಒಲೆಯ ಉರಿಯನ್ನು ತಗ್ಗಿಸುತ್ತಾಳೆ. ನೋಡುವುದು, ಬೇಕಾದ ಸ್ಥಿತಿಯೊಡನೆ ಹೋಲಿಸುವುದು, ತಿದ್ದುವುದು, ಮತ್ತೆ ನೋಡುವುದು: ಈ ಚಕ್ರವೇ ಆ ಬುದ್ಧಿಯ ಮೂಲ. ಯಂತ್ರದಲ್ಲಿ ಕಣ್ಣಿನ ಸ್ಥಾನದಲ್ಲಿ ಉಷ್ಣಯುಗ್ಮವಿದೆ. ಎರಡು ಭಿನ್ನ ಲೋಹದ ತಂತಿಗಳ ಬೆಸುಗೆಯು ಕಾದಾಗ ಹುಟ್ಟುವ ಅತ್ಯಲ್ಪ ವಿದ್ಯುದ್ಬಲವೇ ಅದರ ಭಾಷೆ. ಗಣಕಯಂತ್ರವು ಕ್ಷಣಕ್ಷಣದ ಉಷ್ಣತೆಯನ್ನು ಓದಿ, ಎಷ್ಟು ಬೀಜಕಗಳು ನಾಶವಾದುವೆಂದು ಕೂಡುತ್ತಾ ಹೋಗಿ, ಲೆಕ್ಕ ತುಂಬಿದೊಡನೆ ಆವಿಯನ್ನು ನಿಲ್ಲಿಸುತ್ತದೆ. ಹೆಚ್ಚು ಬೆಂದರೆ ರುಚಿ ಕೆಡುವುದು, ಕಡಮೆ ಬೆಂದರೆ ಜೀವಕ್ಕೇ ಅಪಾಯ. ಈ ಎರಡರ ನಡುವಣ ಕಿರಿದಾದ ಹಾದಿಯಲ್ಲಿ ಅದು ನಡೆಯಬೇಕು.

ದೊಡ್ಡ ಅಡುಗೆಯಲ್ಲಿ ಇನ್ನೊಂದು ತೊಡಕುಂಟು. ಪಾತ್ರೆಯ ಉದ್ದ, ಅಗಲ, ಎತ್ತರಗಳನ್ನು ಎರಡರಷ್ಟು ಮಾಡಿದರೆ ಒಳಗಿನ ಆಹಾರ ಎಂಟರಷ್ಟಾಗುತ್ತದೆ. ಶಾಖವನ್ನು ಒಳಗೊಯ್ಯುವ ಮೈ ಮಾತ್ರ ನಾಲ್ಕರಷ್ಟೇ ಆಗುತ್ತದೆ. ಉರಿಯನ್ನು ಜೋರು ಮಾಡಿದರೆ ತಳ ಸೀಯುವುದು, ನಡುವೆ ಹಸಿಯುಳಿಯುವುದು. 2000ದಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅಕ್ಷಯ ಪಾತ್ರೆಯ ಅಡುಗೆಮನೆಗಳಲ್ಲಿ ಶಾಲಾಮಕ್ಕಳಿಗಾಗಿ ಸಾವಿರ ಲೀಟರಿಗೂ ಮಿಗಿಲಾದ ಕೊಪ್ಪರಿಗೆಗಳಲ್ಲಿ ಸಾಂಬಾರು ಕುದಿಯುವುದು ಆವಿಯಿಂದ. ಒಂದು ಕಿಲೋಗ್ರಾಂ ಆವಿ ನೀರಾಗುವಾಗ ಸುಮಾರು 540 ಕಿಲೋಕ್ಯಾಲರಿ ಗುಪ್ತೋಷ್ಣವನ್ನು ಬಿಟ್ಟುಕೊಡುತ್ತದೆ. ಆದರೂ ಅದರ ಉಷ್ಣತೆ ಬೆಂಕಿಯ ಜ್ವಾಲೆಯಂತೆ ಮಿತಿಮೀರುವುದಿಲ್ಲ.

ಮುಂದೆ ಬರುವ ಯಂತ್ರಗಳು ಇನ್ನೂ ಸೂಕ್ಷ್ಮವಾಗಿ ಗ್ರಹಿಸಲಿವೆ. ಸೌಟನ್ನು ತಿರುಗಿಸುವ ಮೋಟಾರಿನ ಮೇಲೆ ಬೀಳುವ ಭಾರದಿಂದ ಸಾರಿನ ಗಟ್ಟಿತನವನ್ನು ತಿಳಿಯಬಹುದು. ಕ್ಯಾಮರಾದಿಂದ ದೋಸೆ ಕೆಂಪಾದ ಬಗೆಯನ್ನು ಅಳೆಯಬಹುದು. ಹಳೆಯ ಅಕ್ಕಿ ಹೆಚ್ಚು ನೀರು ಕುಡಿಯುವುದನ್ನು ಅಡುಗೆಯವರು ಕೈಯಿಂದ ಬಲ್ಲರು. ಯಂತ್ರವು ಹಿಂದಿನ ಸಾವಿರಾರು ಪಾಕಗಳ ದಾಖಲೆಯಿಂದ ಅದನ್ನು ಕಲಿಯಬೇಕು. 1950ರಲ್ಲಿ ಮೈಸೂರಿನ ಚೆಲುವಾಂಬ ಮಹಲಿನಲ್ಲಿ ತೆರೆದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವು ದೋಸೆ, ಇಡ್ಲಿ, ಚಪಾತಿಗಳ ಯಂತ್ರಗಳನ್ನು ರೂಪಿಸಿ ಈ ದಾರಿಯಲ್ಲಿ ಮೊದಲ ಹೆಜ್ಜೆಗಳನ್ನಿಟ್ಟಿದೆ.

ಈ ಪಾಠವನ್ನು ಮುಗಿಸಿದಾಗ ವಿದ್ಯಾರ್ಥಿನಿಯೊಬ್ಬಳು, "ಯಂತ್ರವೇ ಬೇಯಿಸಿದರೆ ಬೇಯಿಸುವವರ ಗತಿಯೇನು?" ಎಂದು ಕೇಳಿದಳು. ನಮ್ಮ ಊರಿನಲ್ಲಿ ಇದು ಒಣ ಪ್ರಶ್ನೆಯಲ್ಲ. 1902ರಲ್ಲಿಯೇ ಶಿವನಸಮುದ್ರದ ವಿದ್ಯುತ್ತಿನಿಂದ ಯಂತ್ರಗಳನ್ನು ನಡೆಸಿದ ಊರಿದು. ಗಣಿ ಮುಚ್ಚಿದ ಮೇಲೆ ನಸುಕಿನಲ್ಲಿಯೇ ಮಾರಿಕುಪ್ಪಂ, ಚಾಂಪಿಯನ್ ನಿಲ್ದಾಣಗಳಲ್ಲಿ ರೈಲು ಹತ್ತಿ, ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ದುಡಿಯಲು ಹೋಗುವ ಮನೆಮಂದಿ ಇಲ್ಲಿ ಬಹಳ. ಕುದಿಯುವ ಕೊಪ್ಪರಿಗೆಯ ಬಳಿ ನಿಂತು ಮೈ ಸುಟ್ಟುಕೊಳ್ಳುವ ಕೆಲಸ ಹೋದರೆ ನಾವು ಮರುಗಬೇಕಾಗಿಲ್ಲ. ಅದರೊಡನೆ ಕೂಲಿಯೂ ಹೋದರೆ ಮರುಗಲೇಬೇಕು. ಅವರಿಗೆ ಹೊಸ ಕೆಲಸವನ್ನು ಕಲಿಸುವವರಾರು ಎಂಬುದಕ್ಕೆ ಯಂತ್ರವು ಉತ್ತರ ಕೊಡಲಾರದು, ಸಮಾಜವೇ ಕೊಡಬೇಕು.

ಆ ಹೊಸ ಕೆಲಸ ಎಂಥದು? ನಮ್ಮ 97 ಡಿಗ್ರಿಯ ಥರ್ಮಾಮೀಟರಿಗೆ ಹಿಂದಿರುಗೋಣ. ಅದು ಕೆಟ್ಟಿದೆಯೆಂದು ಭಾವಿಸಿ, ನೀರು ಕುದಿಯುವಾಗ 100 ತೋರಿಸುವಂತೆ ಯಾರಾದರೂ ಉಪಕರಣವನ್ನು 'ಸರಿಪಡಿಸಿದರು' ಎನ್ನೋಣ. ಆಗ ರಿಟಾರ್ಟಿನಲ್ಲಿ ಅದು 121 ಎಂದು ತೋರಿಸುವಾಗ ನಿಜವಾದ ಉಷ್ಣತೆ 118 ಮಾತ್ರ. ಮೂರು ಡಿಗ್ರಿಯ ಈ ತಪ್ಪಿನಿಂದ ಬೀಜಕಗಳು ಸಾಯುವ ವೇಗ ಅರ್ಧಕ್ಕಿಳಿಯುತ್ತದೆ. ಗಣಕಯಂತ್ರವು ಎಷ್ಟೇ ಚತುರವಾಗಿರಲಿ, ಸುಳ್ಳು ಹೇಳುವ ಉಷ್ಣಯುಗ್ಮವನ್ನು ನಂಬಿ, ಎಲ್ಲವೂ ಸರಿಯಾಗಿದೆಯೆಂದು ಹಸಿರು ದೀಪವನ್ನು ಬೆಳಗಿಸುತ್ತದೆ. ಚೀಲವನ್ನು ಬಿಚ್ಚುವ ಮನೆಯವರಿಗೆ ಅದು ತಿಳಿಯುವುದೆಂತು?

ಬಂಡೆ ಸಿಡಿಯುವ ಭಯದಲ್ಲಿ ದುಡಿದ ನಮ್ಮ ಗಣಿಗಾರರ ಕಾಲದಲ್ಲಿ, ನೆಲದೊಳಗಿನ ಕಂಪನಗಳನ್ನು ಆಲಿಸುವ ಉಪಕರಣಗಳನ್ನು ಇದೇ ನೆಲದಲ್ಲಿ ಹೂಡಿದ್ದರು. ಅವುಗಳ ಬೆಲೆಯಿದ್ದುದು, ಅವು ಬರೆದುದನ್ನು ಓದಿ ಸರಿತಪ್ಪುಗಳನ್ನು ತೂಗಬಲ್ಲ ಮನುಷ್ಯರಿಂದ. ನಾಳಿನ ಪಾಕಶಾಲೆಗೂ ಅಂಥವರು ಬೇಕು. ಆದುದರಿಂದ, ನಿಮ್ಮ ಥರ್ಮಾಮೀಟರು 97 ತೋರಿಸಿದರೆ, ಉತ್ತರಪತ್ರಿಕೆಯಲ್ಲಿ 100 ಎಂದು ಬರೆಯಬೇಡಿರಿ. ಕಂಡುದನ್ನೇ ಬರೆಯಿರಿ; ಬಳಿಕ ಅದಕ್ಕೆ ಕಾರಣವನ್ನು ಹುಡುಕಿರಿ.