ದಾರಿತಪ್ಪಿದ ಮಕ್ಕಳಿಗೆ ಮನೆಯ ಪಾಠ

ಕಾಡಿನಲ್ಲಿ ದಿಕ್ಕುಗೆಟ್ಟವರು ಬದುಕಿಕೊಳ್ಳುವ ವಿದ್ಯೆಯು ಬೇಟೆಗಾರರಿಗೂ ಸಿಪಾಯಿಗಳಿಗೂ ಸೇರಿದ್ದೆಂದು ಗೃಹಸ್ಥರಾದ ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಅದರ ಮೊದಲ ಪಾಠಗಳು ಹಿತ್ತಿಲಿನಲ್ಲಿಯೂ ಒಲೆಯ ಬಳಿಯಲ್ಲಿಯೂ ನಡೆಯತಕ್ಕವು. ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ಒಂದು ಸಂಗತಿಯನ್ನು ವಾಚಕರ ಮುಂದಿಟ್ಟರೆ ಈ ಮಾತು ಸ್ಪಷ್ಟವಾದೀತು.

2023ನೆಯ ಇಸವಿ ಮೇ 1ರಂದು ಅಲ್ಲಿಯ ಅಮೆಜಾನ್ ಅರಣ್ಯದ ಮೇಲೆ ಹಾರುತ್ತಿದ್ದ ಚಿಕ್ಕ ವಿಮಾನವೊಂದು ಯಂತ್ರ ಕೆಟ್ಟು ಕೆಳಗೆ ಬಿದ್ದಿತು. ಅದರಲ್ಲಿದ್ದ ಮೂವರು ಹಿರಿಯರೂ ತೀರಿಕೊಂಡರು. ಮೃತರಲ್ಲಿ ಒಬ್ಬಾಕೆಯ ನಾಲ್ವರು ಮಕ್ಕಳು ಮಾತ್ರ ಉಳಿದರು. ಹಿರಿಯವಳಿಗೆ 13 ವರ್ಷ. ಅವಳ ಕೆಳಗಿನವರಿಗೆ 9 ಮತ್ತು 4. ಕಡೆಯ ಕೂಸಿಗೆ 11 ತಿಂಗಳು. ಹಿರಿಯ ಹುಡುಗಿಯು ಇವರನ್ನೆಲ್ಲ ಕೂಡಿಕೊಂಡು, ವಿಮಾನದಲ್ಲಿದ್ದ ಮರಗೆಣಸಿನ ಹಿಟ್ಟನ್ನು ಹೊತ್ತು ಹೊರಟಳು. ಹಿಟ್ಟು ಮುಗಿದಮೇಲೆ ಕಾಡಿನ ಹಣ್ಣುಬೀಜಗಳೇ ಆಹಾರವಾದುವು. ಜೂನ್ 9ರಂದು, ನಲವತ್ತು ದಿನಗಳ ತರುವಾಯ, ನಾಲ್ವರೂ ಜೀವಂತರಾಗಿ ಸಿಕ್ಕಿದರು.

ಪತ್ರಿಕೆಗಳು ಇದನ್ನು ಪವಾಡವೆಂದು ಬಣ್ಣಿಸಿದುವು. ನಮಗೆ ಹಾಗೆ ತೋರುವುದಿಲ್ಲ. ಆ ಮಕ್ಕಳು ಹುಯಿತೊತೊ ಎಂಬ ಮೂಲನಿವಾಸಿಗಳ ಕುಲದವರು. ಅಜ್ಜಿಯ ಕೈಯಲ್ಲಿ ಪಳಗಿದವರು. ಆಟಕ್ಕಾಗಿ ಪುಟ್ಟ ಬಿಡಾರಗಳನ್ನು ಕಟ್ಟುವುದು ಅವರಿಗೆ ಮೊದಲಿನಿಂದಲೂ ರೂಢಿಯೆಂದು ಬಂಧುಗಳು ಹೇಳಿದರು. ಕಾಡಿನಲ್ಲಿ ಹುಡುಗಿಯು ಕೊಂಬೆಗಳನ್ನು ಜಡೆಯ ಪಟ್ಟಿಯಿಂದ ಬಿಗಿದು ಮರೆಮಾಡಿಕೊಂಡದ್ದು ಆ ಆಟದ ಫಲವೇ. ಅವರ ನಾಡಿನ ಕಹಿ ಮರಗೆಣಸು ಹಸಿಯಾಗಿದ್ದರೆ ವಿಷ. ತುರಿದು, ಹಿಂಡಿ, ಹುರಿದ ಮೇಲೆಯೇ ಅದು ಅನ್ನವಾಗುವುದು. ಯಾವುದನ್ನು ತಿನ್ನಬಹುದು, ಯಾವುದನ್ನು ತಿನ್ನಬಾರದು ಎಂಬ ವಿವೇಕವನ್ನು ಇಂತಹ ಅಡಿಗೆಮನೆಯೇ ಕಲಿಸುತ್ತದೆ.

ನಮ್ಮ ಮಕ್ಕಳಿಗೆ ಆ ಪರಿಚಯವಿಲ್ಲ. ಮಂಗ ತಿಂದ ಹಣ್ಣನ್ನು ಮನುಷ್ಯನೂ ತಿನ್ನಬಹುದೆಂಬ ಮಾತು ನಮ್ಮಲ್ಲಿ ಬಳಕೆಯಲ್ಲುಂಟು, ಅದನ್ನು ನಂಬತಕ್ಕದ್ದಲ್ಲ. ಕರಾವಳಿ ಮಲೆನಾಡುಗಳಲ್ಲಿ ಬೆಳೆಯುವ ಕಾಸರಕದ ಹಣ್ಣಿನ ತಿರುಳನ್ನು ಮಂಗಗಳೂ ಹಕ್ಕಿಗಳೂ ತಿನ್ನುತ್ತವೆ. ಅದರ ಬೀಜವೋ ಘೋರವಿಷ. ಅರಿಯದ ಹಣ್ಣನ್ನು ಮುಟ್ಟದೆ ಹಸಿದಿರುವುದೇ ಲೇಸು. ಆರೋಗ್ಯವಂತನು ಅನ್ನವಿಲ್ಲದೆ ಎಷ್ಟೋ ದಿನ ಬದುಕಬಲ್ಲನು. ನೀರಿಲ್ಲದಿದ್ದರೆ ಮೂರು ನಾಲ್ಕು ದಿನಗಳೂ ಕಷ್ಟ. ತೊಯ್ದ ಮೈಗೆ ರಾತ್ರಿಯ ಗಾಳಿ ತಗುಲಿದರೆ ಒಂದೇ ಇರುಳಿನಲ್ಲಿ ಪ್ರಾಣಾಪಾಯವುಂಟು. ಆದುದರಿಂದ ಹಸಿವಿನ ಚಿಂತೆಯು ಕಡೆಯದು. ಒಣಗಿದ ಆಸರೆಯ ಚಿಂತೆಯೇ ಮೊದಲನೆಯದು.

ಕೊಲಂಬಿಯಾದ ಮಕ್ಕಳು ಒಂದು ವಿಷಯದಲ್ಲಿ ಮಾತ್ರ ಹುಡುಕುವವರಿಗೆ ತೊಡಕಾದರು: ಅವರು ನಡೆಯುತ್ತಲೇ ಇದ್ದರು. ಸೈನಿಕರು ಒಮ್ಮೆ ಅವರಿಂದ ಕೆಲವೇ ಮಾರು ದೂರದಲ್ಲಿ ಹಾದುಹೋಗಿದ್ದರಂತೆ. ನಿಂತಲ್ಲೇ ನಿಲ್ಲಿರೆಂದು ಅಜ್ಜಿ ತಮ್ಮ ಭಾಷೆಯಲ್ಲಿ ಆಡಿದ ಮಾತನ್ನು ಮುದ್ರಿಸಿ, ವಿಮಾನದಿಂದ ಧ್ವನಿವರ್ಧಕದಲ್ಲಿ ಕಾಡಿಗೆಲ್ಲ ಕೇಳಿಸಿದರು.

ನಿಲ್ಲುವ ಈ ಪಾಠವನ್ನೇ ಅಮೆರಿಕದಲ್ಲಿ ಚಿಕ್ಕ ಮಕ್ಕಳಿಗೆ ಹೇಳಿಕೊಡುವ ಪದ್ಧತಿಯುಂಟು. 1981ರಲ್ಲಿ ಕ್ಯಾಲಿಫೋರ್ನಿಯಾದ ಬೆಟ್ಟವೊಂದರಲ್ಲಿ ಒಂಬತ್ತು ವರ್ಷದ ಹುಡುಗನು ದಾರಿತಪ್ಪಿ ಮಡಿದ ಬಳಿಕ ಅದು ಆರಂಭವಾಯಿತು. ದಾರಿ ತಪ್ಪಿತೆಂದು ತಿಳಿದೊಡನೆಯೇ ಒಂದು ಮರವನ್ನು ಅಪ್ಪಿಕೊಂಡು ಅಲ್ಲಿಯೇ ಇರಬೇಕೆಂಬುದೇ ಅದರ ಸಾರ. ಮರವಾದರೂ ಜೊತೆಗಿದೆಯೆಂಬ ಭಾವನೆಯಿಂದ ಮಗುವಿನ ಭಯ ತಗ್ಗುವುದು. ಅದರಲ್ಲಿ ತಾಯ್ತಂದೆಗಳಿಗೂ ಒಂದು ಪಾಠವಿದೆ. ಬೈಗುಳಕ್ಕೆ ಹೆದರಿ ಹುಡುಕುವವರ ಕೂಗಿಗೆ ಓಗೊಡದೆ ಅಡಗಿಕೊಳ್ಳುವ ಮಕ್ಕಳಿದ್ದಾರೆ. ಆದಕಾರಣ, "ನೀನು ಕಳೆದುಹೋದರೆ ಯಾರೂ ನಿನ್ನನ್ನು ಗದರಿಸುವುದಿಲ್ಲ" ಎಂದು ಮೊದಲೇ ಹೇಳಿರಬೇಕು.

ಮಲೆನಾಡಿಗೆ ಹೊರಡುವ ಮುನ್ನ ಮಗುವಿನ ಅಂಗಿಗೆ ಒಂದು ಸೀಟಿಯನ್ನು ಕಟ್ಟಿರಿ. ಬಿಟ್ಟುಬಿಟ್ಟು ಮೂರು ಸಲ ಊದಿದರೆ ಅದು ಆಪತ್ತಿನ ಕರೆ. ಬಣ್ಣದ ಬಟ್ಟೆ ತೊಡಿಸಿರಿ, ಹಸಿರು ಬೇಡ. ಹಿಂದಿನ ಭಾನುವಾರ ಯಾವುದಾದರೊಂದು ತೋಟದಲ್ಲಿ ಮಗುವನ್ನು ಮರದ ಬಳಿ ನಿಲ್ಲಿಸಿ, ನೀವು ಕಣ್ಮರೆಯಾಗಿ ನಿಂತು, ಸೀಟಿಯ ಸದ್ದು ಎಷ್ಟು ದೂರಕ್ಕೆ ಕೇಳುವುದೆಂದು ಒಮ್ಮೆ ಪರೀಕ್ಷಿಸಿ ನೋಡಿರಿ.